ಆಳು ಮುಳುಗದ ಜೋಳ

ಈಗ ಕೆಲಸಕ್ಕೆ ಸೇರುವ ಹುಡುಗರಿಗೆ ಪೈರಿನ ಎತ್ತರ ಅಳೆಯಲು ಅಂಕಿ ಬರೆದ ಕೋಲು ಕೊಡುತ್ತಾರಂತೆ. ಪುಣ್ಯವಂತರು. ನಾನು ಗ್ರಾಮಸೇವಕನಾಗಿ ಸೇರಿದಾಗ ನನಗೆ ಸಿಕ್ಕಿದ್ದು ಒಂದು ಹಳೇ ಸೈಕಲ್ಲು, ಒಂದು ಖಾಕಿ ಚೀಲ, ತಮಿಳಿನಲ್ಲಿ ತಲೆಬರಹ ಅಚ್ಚಾಗಿದ್ದ ಒಂದು ರಿಜಿಸ್ಟರು. ಕೊಳ್ಳೇಗಾಲ ಮದರಾಸು ರಾಜ್ಯದಿಂದ ಮೈಸೂರಿಗೆ ಸೇರಿ ಇನ್ನೂ ಎರಡು ತಿಂಗಳಾಗಿರಲಿಲ್ಲ. ಕಾಗದಪತ್ರವೆಲ್ಲ ಅತ್ತಲಿನವು, ಸಾಹೇಬರೆಲ್ಲ ಇತ್ತಲಿನವರು. ನಾನೋ ಮಗ್ಗದ ಮನೆಯಲ್ಲಿ ಹುಟ್ಟಿದವನು. ಅಪ್ಪ ರೇಷ್ಮೆ ಸೀರೆ ನೇಯುತ್ತಿದ್ದರು. ನೂಲಿನ ಗಂಟು ಬಿಡಿಸುವುದು ಗೊತ್ತಿತ್ತೇ ಹೊರತು, ಎಳೆಯ ಜೋಳ ಯಾವುದು ಎಳೆಯ ಕಬ್ಬು ಯಾವುದು ಎಂದು ದೂರದಿಂದ ಹೇಳಲು ಬರುತ್ತಿರಲಿಲ್ಲ. ತರಬೇತಿಯಲ್ಲಿ ಪುಸ್ತಕ ಉರು ಹೊಡೆದು ಪಾಸಾಗಿದ್ದೆ, ಅಷ್ಟೇ.

ಮೊದಲ ಕೆಲಸದಲ್ಲೇ ಮಾನ ಹೋಯಿತು. ಕುಂತೂರಿನ ಬಳಿ ಒಂದು ಹೊಲದಲ್ಲಿ ನಲವತ್ತು ಜೋಳದ ಗಿಡ ಗುರುತು ಮಾಡಿ ರಿಜಿಸ್ಟರು ತುಂಬಬೇಕಿತ್ತು. ಒಂದು ಕಾಲಮ್ಮಿನ ಮೇಲೆ ತಮಿಳಿನಲ್ಲಿ 'ಉಯರಂ' ಎಂದಿತ್ತು. ಉಯರಂ ಎಂದರೆ ಎತ್ತರ. ನನ್ನ ತಮಿಳು ಬಾಯಲ್ಲಿ ಚೌಕಾಸಿ ಮಾಡುವಷ್ಟೇ, ಓದುವುದರಲ್ಲಿ ಕುರುಡು. ಅದನ್ನು ನಾನು 'ಉಯಿರ್' ಎಂದು ಓದಿಕೊಂಡೆ. ಉಯಿರ್ ಎಂದರೆ ಜೀವ. ಸರಿ, ಒಂದೊಂದು ಗಿಡವನ್ನೂ ಮುಟ್ಟಿ ನೋಡಿ 'ಇದೆ', 'ಇದೆ', 'ಇದೆ' ಎಂದು ಬರೆದುಕೊಂಡು ಹೋದೆ. ಎರಡು ಕಡೆ 'ಇಲ್ಲ' ಎಂದೆ. ಒಂದು ಗಿಡದ ಎದುರು 'ಅನುಮಾನ' ಎಂದೂ ಬರೆದೆ.

ನಮ್ಮ ವಿಸ್ತರಣಾಧಿಕಾರಿಗಳು ಬಿಸಿಲಿಗೆ ಹ್ಯಾಟು ಹಾಕಿಕೊಂಡು ಓಡಾಡುತ್ತಿದ್ದರು. ಅದಕ್ಕೇ ರೈತರು ಅವರನ್ನು ಟೋಪಿ ಸಾಹೇಬರು ಎನ್ನುತ್ತಿದ್ದರು. ಅವರಿಗೆ ತಮಿಳು ನನಗಿಂತ ಚೆನ್ನಾಗಿ ಬರುತ್ತಿತ್ತು. ರಿಜಿಸ್ಟರು ನೋಡಿ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು.

"ಎತ್ತರ ಅನುಮಾನ ಅಂದ್ರೆ ಏನ್ರೀ? ಗಿಡ ನಿಮ್ಮ ಕಣ್ಣೆದುರಿಗೆ ನಿಂತಿತ್ತೋ, ಕನಸಿನಲ್ಲಿ ಬಂದಿತ್ತೋ?"

ವಿಷಯ ತಿಳಿದ ಮೇಲೆ ಇಡೀ ಆಫೀಸು ಬಿದ್ದು ಬಿದ್ದು ನಕ್ಕಿತು. ನನಗೆ ಮಾತ್ರ ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು. ಸಂಜೆಯೇ ಬಿದಿರಿನ ಕೋಲೊಂದಕ್ಕೆ ಅಪ್ಪನ ಮಗ್ಗದ ಅಳತೆಪಟ್ಟಿ ಇಟ್ಟು ಇಂಚಿಂಚಿಗೂ ಗೆರೆ ಕೊರೆದುಕೊಂಡೆ.

ಆ ಕಾಲದಲ್ಲಿ ನಮ್ಮೆಲ್ಲರ ತಲೆಯಲ್ಲಿದ್ದದ್ದು ಒಂದೇ ನಂಬಿಕೆ, ಎತ್ತರ ಬೆಳೆದದ್ದೇ ಬೆಳೆ. ಗೊಬ್ಬರ ಹಾಕಿಸು, ಎತ್ತರ ಬೆಳೆಸು, ಕೋಲು ಹಿಡಿದು ಅಳೆ, ಮೇಲಕ್ಕೆ ಕಳಿಸು. ಯಳಂದೂರು ತಾಲ್ಲೂಕಿನ ಮಾಂಬಳ್ಳಿಯಲ್ಲಿ ಚಿಕ್ಕಣ್ಣ ಎಂಬ ರೈತ ನನ್ನ ಮಾತು ಕೇಳಿ ಭತ್ತದ ಗದ್ದೆಗೆ ಸೀಮೆಗೊಬ್ಬರ ಸುರಿದರು. ಪೈರು ಎದೆಮಟ್ಟಕ್ಕೆ ಬಂತು. ನಾನು ಮೂರು ಸಲ ಅಳೆದೆ, ಪ್ರತಿ ಸಲವೂ ಹೆಚ್ಚು. ಹಿಗ್ಗಿ ಹೀರೇಕಾಯಿಯಾಗಿ ಟೋಪಿ ಸಾಹೇಬರನ್ನು ಕರೆದುಕೊಂಡು ಹೋದೆ. ಹಿಂದಿನ ದಿನ ಸಂಜೆ ಒಂದೇ ಒಂದು ಗಂಟೆ ಮಳೆ ಹೊಯ್ದಿತ್ತು. ಗದ್ದೆಯ ಬದುವಿನಲ್ಲಿ ನಿಂತು ನೋಡುತ್ತೇನೆ, ಅಯ್ಯೋ ಶಿವನೇ! ಚಾಪೆ ಹಾಸಿದ ಹಾಗೆ ಇಡೀ ಪೈರು ನೀರಿನಲ್ಲಿ ಮಲಗಿದೆ. ಚಿಕ್ಕಣ್ಣನವರು ಬೀಡಿ ಹಚ್ಚಿಕೊಂಡು ಕೂತಿದ್ದರು.

"ಸದ್ದು ಮಾಡ್ಬ್ಯಾಡಿ ಸಾ. ನಿಮ್ ಗೊಬ್ರ ಎಚ್ಚಾಗಿ ತಿಂದು ಮನಿಕ್ಕಂಡದೆ. ಎಚ್ರ ಆದ್ರೆ ಅತ್ತಾತು."

ಸಾಹೇಬರು ನನ್ನನ್ನು ನೋಡಿದರು, ನಾನು ಕೋಲು ನೋಡಿದೆ. ಎತ್ತರದ ಮೇಲಿನ ನನ್ನ ನಂಬಿಕೆ ಅಲ್ಲಾಡಿದ್ದು ಅವತ್ತೇ ಮೊದಲು. ಆದರೂ ಆಮೇಲೆ ಎಷ್ಟೋ ವರ್ಷ ನಾವು ಅದನ್ನೇ ಸಾರುತ್ತ ಹೋದೆವು. ಮೇಲಿನಿಂದ ಬೇರೆ ಆರ್ಡರು ಬಂದಿರಲಿಲ್ಲವಲ್ಲ.

ಆರ್ಡರು ಬಂದದ್ದು ಅರವತ್ತರ ದಶಕದ ನಡುವೆ. ಅಷ್ಟು ಹೊತ್ತಿಗೆ ನನ್ನನ್ನು ಹನೂರಿಗೆ ಹಾಕಿದ್ದರು. ಕೊಳ್ಳೇಗಾಲದಲ್ಲಿ ಮೀಟಿಂಗು. ಟೋಪಿ ಸಾಹೇಬರು ಮೇಜಿನ ಮೇಲೆ ಒಂದು ಜೋಳದ ಗಿಡ ಬೇರು ಸಮೇತ ಇಟ್ಟರು. ನನ್ನ ಸೊಂಟಕ್ಕಿಂತ ಚೂರು ಮೇಲೆ ಬರಬಹುದು, ಅಷ್ಟೇ. ತೆನೆ ಮಾತ್ರ ಮುಷ್ಟಿಗಿಂತ ದಪ್ಪ. ನಾವೆಲ್ಲ ಬೆಪ್ಪಾಗಿ ನೋಡಿದೆವು. ಇದ್ಯಾವುದೋ ಬರಗಾಲದ ಪೈರು ಎಂದುಕೊಂಡೆವು. "ಇದು ಹುಟ್ಟಿರೋದೇ ಹೀಗೆ" ಎಂದರು ಸಾಹೇಬರು. "ಮೈ ಚಿಕ್ಕದು, ಎಲೆ ಕಡಿಮೆ, ಕುಡಿಯೋ ನೀರೂ ಕಡಿಮೆ. ನಿಮ್ಮ ಆಳೆತ್ತರದ ಜೋಳ ಐದು ತಿಂಗಳು ನಿಂತು ನೆಲದ ಪಸೆಯನ್ನೆಲ್ಲ ಹೀರಿ ತೆನೆ ಬರೋ ಹೊತ್ತಿಗೆ ಬಾಯಿ ಬಿಡುತ್ತೆ. ಇದು ಮಳೆ ಕೈಕೊಡೋ ಮೊದಲೇ ಕಾಳು ಕಟ್ಟಿ ಮುಗಿಸುತ್ತೆ."

ಹತ್ತು ವರ್ಷ ನಾವು ಹೇಳಿದ್ದೆಲ್ಲ ತಲೆಕೆಳಗು! ಯಾರೋ ಒಬ್ಬರು, "ಗಿಡ್ಡ ಜೋಳ ಅಂದ್ರೆ ರೈತರು ಹತ್ತಿರ ಸೇರಿಸ್ತಾರಾ ಸಾರ್?" ಎಂದು ಕೇಳಿದರು. ಸಾಹೇಬರು ಬೆರಳೆತ್ತಿದರು.

"ಗಿಡ್ಡ ಅನ್ನೋ ಪದ ನಿಮ್ಮ ಬಾಯಲ್ಲಿ ಬರಕೂಡದು. ಸುಧಾರಿತ ಅನ್ನಿ. ಬೇಗ ಬರೋದು ಅನ್ನಿ. ಉದ್ದ ಎಷ್ಟು ಅಂತ ಕೇಳಿದ್ರೆ ಮಾತು ತೇಲಿಸಿ. ಒಂದು ಸಲ ಕಾಳು ಕಂಡ ಮೇಲೆ ಯಾರೂ ಉದ್ದ ಕೇಳಲ್ಲ."

ಈ ಮಾತನ್ನು ನಾನು ನೋಟುಬುಕ್ಕಿನಲ್ಲಿ ಬರೆದುಕೊಂಡೆ. ಬರೆದುಕೊಳ್ಳದಿದ್ದರೆ ಚೆನ್ನಾಗಿತ್ತು.

ಹನೂರಿನಿಂದ ಆಚೆ ಕಾಡಂಚಿನಲ್ಲಿ ಒಂದು ಹಳ್ಳಿ, ಹೆಸರು ಬೇಡ. ಅಲ್ಲಿ ಮಾದಮ್ಮ ಎಂಬ ಹೆಣ್ಣುಮಗಳು. ಗಂಡ ತೀರಿಕೊಂಡು ವರ್ಷವಾಗಿರಲಿಲ್ಲ, ಇಬ್ಬರು ಸಣ್ಣ ಹೆಣ್ಣುಮಕ್ಕಳು. ಎರಡು ಎಕರೆ ಖುಷ್ಕಿ. ಪಕ್ಕದಲ್ಲೇ ಮೈದುನ ಪುಟ್ಟಮಾದನ ಹೊಲ. ಎತ್ತು ಒಂದೇ ಜೊತೆ, ಎರಡು ಮನೆಗೂ ಸೇರಿದ್ದು, ಕಟ್ಟುತ್ತಿದ್ದದ್ದು ಪುಟ್ಟಮಾದನ ಕೊಟ್ಟಿಗೆಯಲ್ಲಿ. ಹೆಂಗಸು ಬೇಸಾಯ ಮಾಡಿಯಾಳೇ ಎಂದು ಮೈದುನ ತಕರಾರು ಎತ್ತಿದ್ದ. ಊರ ಯಜಮಾನ ಕೆಂಪಯ್ಯನವರು ನ್ಯಾಯ ಸೇರಿಸಿ, ಒಂದು ಮುಂಗಾರು ಅವಳೇ ಮಾಡಿ ನೋಡಲಿ, ಬೆಳೆ ತೆಗೆದರೆ ನೆಲ ಅವಳ ಕೈಯಲ್ಲೇ ಇರಲಿ, ಇಲ್ಲದಿದ್ದರೆ ಪುಟ್ಟಮಾದ ಉತ್ತು ಅವಳಿಗೂ ಮಕ್ಕಳಿಗೂ ಕಾಳು ಅಳೆಯಲಿ ಎಂದು ತೀರ್ಮಾನ ಮಾಡಿದ್ದರು.

ಇದನ್ನು ಮಾದಮ್ಮನೇ ನನಗೆ ಹೇಳಿದಳು. "ಈ ವರ್ಸ ಒಳ್ಳೆ ಬೆಳೆ ಬರ್ಲೇಬೇಕು ಸಾ. ಇಲ್ದಿದ್ರೆ ನೆಲ ಓಯ್ತದೆ. ಅವ್ರು ಅಳ್ದಾಕೋ ಕಾಳ್ಗೆ ಸೆರಗೊಡ್ಡಬೇಕಾಯ್ತದೆ."

ನನಗೆ ಒಂದು ಪ್ರಾತ್ಯಕ್ಷಿಕೆ ಹೊಲ ಬೇಕಾಗಿತ್ತು. ಆಕೆಗೆ ಬೆಳೆ ಬೇಕಾಗಿತ್ತು. ಆ ಕಡೆ ಮಳೆ ಯಾವಾಗಲೂ ಹುಬ್ಬೆ ಮಳೆಯ ನಂತರ ಕಣ್ಣಾಮುಚ್ಚಾಲೆ ಆಡುವುದು ನನಗೆ ಗೊತ್ತಿತ್ತು. ಈ ಬೀಜಕ್ಕೆ ಇದಕ್ಕಿಂತ ಒಳ್ಳೆ ಹೊಲ ಇಲ್ಲ ಅನ್ನಿಸಿತು. ನಾನು ಮೋಸ ಮಾಡಬೇಕೆಂದು ಹೋಗಿರಲಿಲ್ಲ, ಅದನ್ನು ಮಾತ್ರ ನಂಬಿ. ಆಕೆ ಬೀಜ ಕೈಗೆ ಸುರಿದುಕೊಂಡು ನೋಡಿ ಕೇಳಿದಳು, "ಇದು ಎಸ್ಟುದ್ದ ಬತ್ತದೆ ಸಾ?"

"ಬರುತ್ತಮ್ಮ, ಚೆನ್ನಾಗಿ ಬರುತ್ತೆ. ಸುಧಾರಿತ ಬೀಜ" ಎಂದೆ.

ಆಕೆ ಮತ್ತೆ ಕೇಳಲಿಲ್ಲ. ನ್ಯಾಯದಲ್ಲಿ ಯಾವ ಮಾತಿನಲ್ಲಿ ಷರತ್ತು ಹಾಕಿದ್ದಾರೆಂದು ನಾನೂ ಕೇಳಲಿಲ್ಲ.

ಆರಿದ್ರೆ ಮಳೆಗೆ ಬಿತ್ತನೆ. ಅಲ್ಲಿಯ ಹೆಂಗಸರು ನೇಗಿಲ ಹಿಂದೆ ನಡೆಯುತ್ತ ಸಾಲಿಗೆ ಬೀಜ ಬಿಡುತ್ತಾರೆ. ನಾನು ಬದುವಿನಲ್ಲಿ ನಿಂತು ಬುದ್ಧಿ ಹೇಳಿದೆ. ಮಳೆ ನಂಬುವಂತಿಲ್ಲ, ಪಸೆ ಕೆಳಗಿದೆ, ನಾಲ್ಕು ಬೆರಳು ಆಳಕ್ಕೆ ಬಿಡಿ ಎಂದೆ. ನಾಡಜೋಳವನ್ನು ಅವರು ಹಾಗೇ ಬಿತ್ತುತ್ತಿದ್ದರು. ಅದು ಎಷ್ಟು ಆಳದಲ್ಲಿದ್ದರೂ ಎದ್ದು ಬರುತ್ತಿತ್ತು. ಬರಗಾಲ ಗೆಲ್ಲುವ ಬೀಜವನ್ನು ಬರಗಾಲ ಗೆಲ್ಲುವ ರೀತಿಯಲ್ಲೇ ಬಿತ್ತಿಸಿದ್ದೇನೆ ಎಂದು ಬೀಗಿಕೊಂಡು ಹನೂರಿಗೆ ಬಂದೆ.

ಹನ್ನೊಂದನೇ ದಿನಕ್ಕೆ ಮಾದಮ್ಮನಿಂದ ಕರೆ ಬಂತು. ಹೋಗಿ ನೋಡಿದರೆ ಪುಟ್ಟಮಾದನ ಹೊಲದಲ್ಲಿ ನಾಡಜೋಳ ಹಸಿರು ಗೆರೆ ಎಳೆದ ಹಾಗೆ ನಿಂತಿದೆ. ಈಕೆಯ ಹೊಲದಲ್ಲಿ ಬರೀ ಮಣ್ಣು. ಎಲ್ಲೋ ಹತ್ತಿಪ್ಪತ್ತು ಸಸಿ, ಅಷ್ಟೇ. ಇರುವೆ ತಿಂದಿರಬೇಕು, ಬೀಜ ಕೆಟ್ಟಿರಬೇಕು ಎಂದು ಏನೇನೋ ತೊದಲಿದೆ. ಮಾದಮ್ಮ ಕುಕ್ಕರುಗಾಲಲ್ಲಿ ಕೂತು ಕೈಯಲ್ಲೇ ಸಾಲು ಕೆದಕಿದಳು. ಮಣ್ಣಿನೊಳಗೆ ಬೀಜವೆಲ್ಲ ಮೊಳೆತಿದ್ದವು. ಬೆಳ್ಳಗೆ, ಸುಕ್ಕು ಸುಕ್ಕಾಗಿ, ಸಿಕ್ಕುಬಿದ್ದ ರೇಷ್ಮೆ ಎಳೆಯ ಹಾಗೆ ನೆಲದೊಳಗೇ ಸುತ್ತಿಕೊಂಡು ಕೊಳೆಯುತ್ತಿದ್ದವು.

"ಉಟ್ಟವೆ ಸಾ" ಎಂದಳು. "ಮ್ಯಾಲಕ್ಕೆ ಬರಾಕೆ ಉದ್ದ ಸಾಲ್ದು."

ಮೇಲೆ ಗಿಡ್ಡವಾದದ್ದು ಮೊಳಕೆಯಲ್ಲೂ ಗಿಡ್ಡವಿರಬಹುದು ಎಂಬುದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಕರಪತ್ರದಲ್ಲೂ ಇರಲಿಲ್ಲ. ಎಲ್ಲ ಗಿಡ್ಡ ತಳಿಗಳೂ ಹೀಗೇ ಎಂದು ನಾನು ಹೇಳಲಾರೆ, ನನ್ನ ಕೈಗೆ ಬಂದ ಆ ಬೀಜ ಹಾಗಿತ್ತು. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಅಂತಾರಲ್ಲ, ನನ್ನ ಶಾಸ್ತ್ರ ಆಕೆಯ ಹೊಲವನ್ನೇ ತಿಂದಿತ್ತು.

ಮಾರನೇ ದಿನವೇ ಸಾಹೇಬರ ಕೈಕಾಲು ಹಿಡಿದು ಇನ್ನೊಂದು ಚೀಲ ಬೀಜ ತಂದೆ. ತರುವಷ್ಟರಲ್ಲಿ ಮಾದಮ್ಮ ನಾನು ಮಾಡಬೇಕಾಗಿದ್ದ ಕೆಲಸ ತಾನು ಮಾಡಿಟ್ಟಿದ್ದಳು. ನಾಲ್ಕು ಒಡಕು ಮಡಕೆಗೆ ಹೊಲದ ಮಣ್ಣು ತುಂಬಿ, ಉಳಿದಿದ್ದ ಬೀಜವನ್ನು ಒಂದರಲ್ಲಿ ಒಂದು ಬೆರಳು, ಇನ್ನೊಂದರಲ್ಲಿ ಎರಡು, ಆಮೇಲೆ ಮೂರು, ನಾಲ್ಕು ಬೆರಳು ಆಳಕ್ಕೆ ಊರಿದ್ದಳು. ಐದಾರು ದಿನ ಕಾದೆವು. ಎರಡು ಬೆರಳಿನ ಮಡಕೆಯಲ್ಲಿ ಎಲ್ಲವೂ ಎದ್ದವು. ಮೂರರಲ್ಲಿ ಅರ್ಧ. ನಾಲ್ಕರಲ್ಲಿ ಒಂದೂ ಇಲ್ಲ. ಅಕ್ಷರ ಬಾರದ ಹೆಂಗಸು ಒಡಕು ಮಡಕೆಯಲ್ಲಿ ಕಂಡುಕೊಂಡದ್ದನ್ನು ನಾನು ಸರ್ಕಾರಿ ಸಂಬಳ ತಗೊಂಡು ಕಂಡುಕೊಂಡಿರಲಿಲ್ಲ. ಪುಷ್ಯ ಮಳೆಗೆ ಎರಡೇ ಬೆರಳು ಆಳಕ್ಕೆ ಮತ್ತೆ ಬಿತ್ತಿದಳು. ಬಿತ್ತಿದ ಐದನೇ ದಿನಕ್ಕೆ ಹೊಲವೆಲ್ಲ ಹಸಿರು.

ಆಮೇಲೆ ಅದು ಬೆಳೆದ ರಭಸ ನೋಡಿ ನನಗೇ ಅಚ್ಚರಿ. ತಿಂಗಳು ತಡವಾಗಿ ಬಿತ್ತಿದ್ದು, ಗೌರಿಹಬ್ಬ ಕಳೆದು ಸ್ವಲ್ಪ ದಿನಕ್ಕೆ ಪಕ್ಕದ ನಾಡಜೋಳಕ್ಕಿಂತ ಮೊದಲೇ ತೆನೆ ಹೊರಗೆ ಹಾಕಿತು. ನಾನು ಕೋಲು ಹಿಡಿದು ಸಾಲಿನಲ್ಲಿ ಓಡಾಡುತ್ತಿದ್ದೆ. ಮಾದಮ್ಮ ನನ್ನ ಹಿಂದೆ ಬಂದು ನಿಂತಳು.

"ಇನ್ನೂ ಉದ್ದ ಆಯ್ತದಾ ಸಾ?"

ತೆನೆ ಬಂದ ಮೇಲೆ ಇನ್ನು ಬೆಳೆಯುವುದೆಲ್ಲಿ? "ಇಲ್ಲಮ್ಮ" ಎಂದೆ.

"ಇಸ್ಟೇಯಾ?"

"ಇಷ್ಟೇ. ಕಾಳು ನೋಡು ಎಷ್ಟು ಒತ್ತಾಗಿದೆ."

ಆಕೆ ಬದುವಿನ ಮೇಲೆ ಕೂತುಬಿಟ್ಟಳು. ಆಗ ಹೇಳಿದಳು ನೋಡಿ ನ್ಯಾಯದಲ್ಲಿ ಆಡಿದ ಮಾತು. ಕೆಂಪಯ್ಯನವರು ಬರೀ 'ಬೆಳೆ ಬಂದರೆ' ಎಂದಿರಲಿಲ್ಲ. 'ಆಳು ಮುಳುಗೋ ಬೆಳೆ ಬಂದರೆ' ಎಂದಿದ್ದರು. ಆ ಕಡೆ ಜೋಳ ಚೆನ್ನಾಗಿದೆ ಎನ್ನಲು ಅದೇ ಮಾತು. ಬೆಳೆ ಬಂತೋ ಇಲ್ಲವೋ ಎಂಬ ತಕರಾರು ಬಂದರೆ ಒಬ್ಬ ಆಳನ್ನು ಹೊಲದೊಳಕ್ಕೆ ನಡೆಸಿ ಬದುವಿನಿಂದ ನೋಡುತ್ತಾರೆ. ಆಳು ಕಾಣದಿದ್ದರೆ ಬೆಳೆ ಬಂತು. ತಲೆ ಕಂಡರೆ ಇಲ್ಲ.

ಆಕೆ ಬೀಜ ಹಿಡಿದು ಉದ್ದ ಎಷ್ಟು ಎಂದು ಕೇಳಿದ್ದು ದನದ ಮೇವಿಗೆ ಮಾತ್ರ ಎಂದುಕೊಂಡಿದ್ದೆ. ಆಕೆ ಕೇಳಿದ್ದು ತನ್ನ ನೆಲ ಉಳಿಯುತ್ತದೋ ಇಲ್ಲವೋ ಎಂದು! ನಾನು ಮಾತು ತೇಲಿಸಿದ್ದೆ.

ಆ ವರ್ಷ ಉತ್ತರೆ ಮಳೆ ಬರಲಿಲ್ಲ. ಹಸ್ತವೂ ಬರಲಿಲ್ಲ. ಬಿಸಿಲೋ ಬಿಸಿಲು, ಬೆಂಕಿಯಂಥ ಗಾಳಿ. ಪುಟ್ಟಮಾದನ ಹೊಲದಲ್ಲಿ ಆಳೆತ್ತರಕ್ಕಿಂತ ಮೇಲೆ ನಿಂತಿದ್ದ ನಾಡಜೋಳ ಎಲೆ ಸುರುಳಿ ಸುತ್ತಿಕೊಂಡಿತು. ತೆನೆ ಹೊರಗೆ ಬರುವ ಹೊತ್ತಿಗೆ ನೆಲದಲ್ಲಿ ಪಸೆಯಿಲ್ಲ. ಅರ್ಧ ತೆನೆ ಒಳಗೇ ಉಳಿಯಿತು, ಹೊರಗೆ ಬಂದದ್ದು ಜೊಳ್ಳು. ಮಾದಮ್ಮನ ಗಿಡ್ಡ ಜೋಳ ಮಾತ್ರ ಇದ್ದ ಪಸೆಯಲ್ಲೇ ಕಾಳು ಗಟ್ಟಿ ಮಾಡಿಕೊಂಡಿತು. ಟೋಪಿ ಸಾಹೇಬರು ಹೇಳಿದ್ದು ಅಕ್ಷರಶಃ ನಿಜವಾಯಿತು.

ಇಲ್ಲೇ ಹೊಸಬರಿಗೆ ಒಂದು ಮಾತು. ಗಿಡ್ಡ ಎಂದಾಕ್ಷಣ ಬರಕ್ಕೂ ಬಿಸಿಲಿಗೂ ಮದ್ದು ಎಂದುಕೊಳ್ಳಬೇಡಿ. ಆಕೆಯ ಹೊಲದ ಒಂದು ಮಗ್ಗುಲಲ್ಲಿ ಹಾಸುಬಂಡೆ ಇತ್ತು. ಆ ಬಂಡೆಯ ಅಂಚಿನ ಎರಡು ಸಾಲಿನಲ್ಲಿ ತೆನೆಗಳು ಬಂಡೆಯ ಕಡೆಗೆ ಬರಿದೋ ಬರಿದು, ಈ ಕಡೆಗೆ ಮಾತ್ರ ಕಾಳು. ಗಿಡ ಕುಳ್ಳಗಿದ್ದರೆ ತೆನೆ ನೆಲದ ಕಾವಿಗೆ ಹತ್ತಿರ, ಹೂವಿನ ಹೊತ್ತಿಗೆ ಬೆಂದುಹೋಗಿದೆ ಎಂದು ನನ್ನ ಊಹೆ. ಮುಂದೆ ಒಂದು ವರ್ಷ ನಡುವೆ ಮಳೆ ಹೋಗಿ ಕಡೆಯಲ್ಲಿ ಬಂತು. ಗಿಡ್ಡದ್ದು ಅವಸರಪಟ್ಟು ತೆನೆ ಹಾಕಿ ಕೆಟ್ಟಿತು, ಉದ್ದದ್ದು ಕಾದು ನಿಂತು ಗೆದ್ದಿತು. ಎತ್ತರ ಒಂದನ್ನೇ ಅಳೆದು ತೀರ್ಪು ಹೇಳುವವನು ನನ್ನ ಹಾಗೆ ಪೆಚ್ಚಾಗುತ್ತಾನೆ.

ಕೊಯ್ಲಿಗೆ ಮೊದಲು ಯಜಮಾನರು ಹೊಲ ನೋಡಲು ಬಂದರು. ನಾನೂ ಹೋದೆ. ಕಾಳೇ ಮಾತಾಡುತ್ತದೆ ಎಂಬ ಧೈರ್ಯ ನನಗೆ. ಊರಿನ ಹತ್ತು ಹದಿನೈದು ಜನ ಬದುವಿನ ಮೇಲೆ ನಿಂತರು. ಪುಟ್ಟಮಾದ ಮೊದಲು ತನ್ನ ಹೊಲದೊಳಕ್ಕೆ ನಡೆದ. ನಾಲ್ಕು ಹೆಜ್ಜೆಗೇ ಕಾಣದಾದ. ಒಳಗೆ ತರಗೆಲೆಯ ಸದ್ದು ಮಾತ್ರ. ಆಮೇಲೆ ಅತ್ತಿಗೆಯ ಹೊಲಕ್ಕೆ ಇಳಿದ. ನಡೆದ, ನಡೆದ, ಆ ಕೊನೆ ಮುಟ್ಟಿದ. ಸೊಂಟದಿಂದ ಮೇಲೆ ಇಡೀ ಆಳು ಎಲ್ಲರಿಗೂ ಕಾಣುತ್ತಿದ್ದ. ಯಾರೋ ಕಿಸಕ್ಕೆಂದರು. ಕೆಂಪಯ್ಯನವರು ತಿರುಗಿ ನೋಡಿದ ಕೂಡಲೇ ಸುಮ್ಮನಾದರು.

ನಾನು ತಡೆಯಲಾರದೆ ಎರಡೂ ಹೊಲದ ಒಂದೊಂದು ತೆನೆ ಕಿತ್ತು ತಂದು ಕೆಂಪಯ್ಯನವರ ಅಂಗೈಗೆ ಉಜ್ಜಿದೆ. ಒಂದರಿಂದ ಹೊಟ್ಟು ಹಾರಿತು, ಇನ್ನೊಂದರಿಂದ ಕೈತುಂಬ ಕಾಳು.

"ಯಜಮಾನ್ರೇ, ಬೆಳೆ ಯಾವುದರಲ್ಲಿ ಬಂದಿದೆ ನೀವೇ ಹೇಳಿ."

"ಕಾಳು ಕಂಡೆ ಸಾ, ನಾನೇನು ಕುಲ್ಡನಾ?" ಕೆಂಪಯ್ಯನವರ ದನಿಯಲ್ಲಿ ಕೋಪವಿರಲಿಲ್ಲ. "ಆಳು ಮುಳುಗ್ಬೇಕು ಅಂತ ನಮ್ಮೋರು ಸುಮ್ನೆ ಮಾಡಿದ್ದಲ್ಲ. ಕಾಳು ಮನ್ಸರ್ಗೆ, ಕಡ್ಡಿ ಎತ್ಗೆ. ಈ ಮೊಳ್ದುದ್ದ ಕಡ್ಡಿಯ ಆ ಜೊತೆ ಎತ್ಗೆ ಎಸ್ಟು ದಿನ ಆಕೀರಿ? ಬ್ಯಾಸ್ಗೆ ಕಳೀತದಾ? ಎತ್ತು ಸತ್ರೆ ಮುಂದ್ಲೊರ್ಸ ಇವ್ಳೂ ಉಳಂಗಿಲ್ಲ, ಅವ್ನೂ ಉಳಂಗಿಲ್ಲ. ಪುಟ್ಮಾದನ ಒಲ್ದಲ್ಲಿ ಜೊಳ್ಳೇ ಇರ್ಬೋದು, ಎತ್ತು ಬದುಕ್ತವೆ ಸಾ."

ಗಿಡ್ಡ ಗಿಡ ನೀರು ಉಳಿಸುತ್ತದೆ, ಕಾಳು ಉಳಿಸುತ್ತದೆ ಎಂದು ಊರೂರು ಸಾರಿದ ನಾನು ಎತ್ತಿನ ಹೊಟ್ಟೆಯನ್ನು ಯಾವ ಕಾಲಮ್ಮಿನಲ್ಲೂ ಬರೆದಿರಲಿಲ್ಲ. ಅವರ ಮಾತಿನಲ್ಲಿ ತೆಗೆದುಹಾಕುವಂಥದ್ದು ಒಂದೂ ಇರಲಿಲ್ಲ.

ಕೆಂಪಯ್ಯನವರಿಗೂ ಆ ಹೆಣ್ಣುಮಗಳ ಮೇಲೆ ಕನಿಕರವಿತ್ತು. ನನ್ನ ಕಡೆ ತಿರುಗಿ ಕೇಳಿದರು.

"ಒಂದ್ಮಾತು ಯೋಳಿ ಸಾ. ಬೀಜ ಕೊಟ್ಟಾಗ ಇದು ಇಸ್ಟೇ ಬೆಳೀತದೆ ಅಂತ ಇವ್ಳಿಗೆ ಯೋಳಿದ್ರಾ? ಗೊತ್ತಿಲ್ದೆ ಬಿತ್ತಿದ್ರೆ ಅದ್ರ ಲೆಕ್ಕ ಬ್ಯಾರೆ. ಇನ್ನೊಂದೊರ್ಸ ಕೊಡ್ಬೋದು."

ಹದಿನೈದು ಜನರ ಕಣ್ಣು ನನ್ನ ಮೇಲೆ. ಹೇಳಲಿಲ್ಲ ಎಂಬ ನಾಲ್ಕಕ್ಷರ ಸಾಕಾಗಿತ್ತು. ಹೇಳಿದರೆ ಗ್ರಾಮಸೇವಕ ಸುಳ್ಳುಗಾರ ಎಂದಾಗುತ್ತದೆ, ಮುಂದೆ ಈ ಹೋಬಳಿಯಲ್ಲಿ ಯಾರೂ ನನ್ನ ಕೈಯಿಂದ ಬೀಜ ತಗೊಳ್ಳುವುದಿಲ್ಲ, ಸಾಹೇಬರಿಗೆ ಗೊತ್ತಾದರೆ ಏನು ಗತಿ ಎಂದೆಲ್ಲ ತಲೆಯೊಳಗೆ ಓಡಿತು. ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಮಾದಮ್ಮನ ದನಿ ಕೇಳಿತು.

"ಯೋಳಿದ್ರು. ನಾನೇ ಸರ್ಯಾಗಿ ಕೇಳಿಸ್ಕಳ್ನಿಲ್ಲ."

ನಾನು ಆಕೆಯ ಮುಖ ನೋಡಿದೆ. ಆಕೆ ನನ್ನನ್ನೇ ನೆಟ್ಟ ದೃಷ್ಟಿಯಲ್ಲಿ ನೋಡುತ್ತಿದ್ದಳು. ನಾನು ಕಣ್ಣು ತಪ್ಪಿಸಿ ಪೈರಿನ ಕಡೆ ತಿರುಗಿದೆ.

"ಗೊತ್ತಿದ್ದೂ ಬಿತ್ತಿದ್ಮ್ಯಾಲೆ ನಾನೇನ್ ಮಾಡ್ಲಿ ಕಣಮ್ಮಿ" ಎಂದು ಕೆಂಪಯ್ಯನವರು ಹೆಗಲ ಮೇಲಿನ ಟವಲು ಕೊಡವಿಕೊಂಡರು. ಈ ಬೆಳೆ ಆಕೆಯದು, ಮುಂದಿನ ಉಳುಮೆ ಪುಟ್ಟಮಾದನದು. ನ್ಯಾಯ ಅಲ್ಲಿಗೆ ಮುಗಿಯಿತು.

ಹನೂರಿಗೆ ಬಂದವನು ಟೋಪಿ ಸಾಹೇಬರಿಗೆ ಎಲ್ಲ ಹೇಳಿದೆ. ಅವರು ರಿಪೋರ್ಟು ತಿರುವಿ ಹಾಕಿ, "ಮನೆ ಜಗಳಕ್ಕ್ಯಾಕ್ರೀ ತಲೆ ಹಾಕ್ತೀರಿ? ಕಾಳು ಚೆನ್ನಾಗಿ ಬಂದಿದೆಯಲ್ಲ, ಬರೀರಿ" ಎಂದರು. ಬರೆದೆ. ಪ್ರಾತ್ಯಕ್ಷಿಕೆ ಯಶಸ್ವಿ ಎಂದು ನನ್ನ ಕೈಯಾರೆ ಬರೆದು ಸಹಿ ಹಾಕಿದೆ. ಊಟ ಮಾತ್ರ ಎಷ್ಟೋ ದಿನ ಗಂಟಲಲ್ಲಿ ಇಳಿಯಲಿಲ್ಲ.

ಮುಂದಿನ ಮುಂಗಾರಿಗೆ ಪುಟ್ಟಮಾದ ನಮ್ಮ ಬೀಜದ ಡಿಪೋ ಬಾಗಿಲಲ್ಲಿ ಬಂದು ನಿಂತ. "ಸಾ, ಆ ಕುಳ್ಳಜ್ವಾಳ ಒಸಿ ಕೊಡಿ. ನನ್ನೊಲ್ದಲ್ಲಿ ಉದ್ದದ್ದು, ಅತ್ಗಮ್ಮನೊಲ್ದಲ್ಲಿ ಕುಳ್ಳದ್ದು ಆಕ್ತೀನಿ. ಎತ್ಗೂ ಆಯ್ತದೆ, ಮನ್ಸರ್ಗೂ ಆಯ್ತದೆ."

ನನ್ನ ಮೈಯೆಲ್ಲ ಉರಿದುಹೋಯಿತು. ಹತ್ತು ಹೆಜ್ಜೆ ಆಚೆ ಚೀಲ ಒಟ್ಟಿದ್ದು ಕಾಣುತ್ತಿದ್ದರೂ "ಬೀಜ ಇಲ್ಲ, ಹೋಗಯ್ಯ" ಎಂದುಬಿಟ್ಟೆ. ಅವನು ಹೋದ. ಮಾಡಿದ್ದು ನ್ಯಾಯ ಎಂದುಕೊಂಡು ಅವತ್ತು ಹೊಟ್ಟೆತುಂಬ ಉಂಡೆ.

ಮಾರನೇ ದಿನ ಬೆಳಿಗ್ಗೆ ಮಾದಮ್ಮ ಬಂದಳು. ಊರಿನಿಂದ ನಡೆದುಕೊಂಡೇ ಬಂದಿದ್ದಳು, ಸೀರೆಯ ಅಂಚೆಲ್ಲ ಕೆಂಪು ಧೂಳು.

"ಬೀಜ ಇಲ್ಲ ಅಂದ್ರಂತೆ?"

"ಅವನಿಗೆ ಯಾಕಮ್ಮ ಕೊಡಲಿ? ನಿನ್ನ ನೆಲ ತಿಂದವನಿಗೆ?"

"ಆ ನೆಲ್ದಲ್ಲಿ ಬೆಳೆಯೋದ ಉಣ್ಣೋರು ಯಾರು ಸಾ? ನಾನು, ನನ್ನ ಮಕ್ಳು. ಅಳೆಯೋದು ಅವ್ನೇ ಇರ್ಬೋದು, ಬಾಯಿ ನಮ್ದೇ ಅಲ್ವಾ? ನಿಮ್ ಸಿಟ್ಟ ನಮ್ ಅನ್ನದ ಮ್ಯಾಲೆ ಯಾಕೆ ತೀರಿಸ್ಕತೀರಿ?"

ಹೋಗಿ ಚೀಲ ಬಿಚ್ಚಿದೆ. ಎರಡು ಎಕರೆಗೆ ಆಗುವಷ್ಟು ತೂಗಿ ಆಕೆ ತಂದಿದ್ದ ಬಟ್ಟೆಗೆ ಸುರಿದೆ. ಆಕೆ ಗಂಟು ಕಟ್ಟುತ್ತಿದ್ದಾಗ, ಆರು ತಿಂಗಳಿಂದ ಎದೆಯಲ್ಲಿ ಕೊರೆಯುತ್ತಿದ್ದದ್ದು ತಡೆಯಲಾರದೆ ಕೇಳಿಯೇಬಿಟ್ಟೆ.

"ಅವತ್ತು ಯಾಕಮ್ಮ ಹಾಗಂದೆ? ನಾನು ಹೇಳಿರಲಿಲ್ಲ ಅಂತ ಒಂದು ಮಾತು ಆಡಿದ್ದರೆ ನೆಲ ಉಳೀತಿತ್ತಲ್ಲ. ನನ್ನ ಮರ್ಯಾದೆ ಉಳಿಸೋಕೆ ಯಾಕೆ ಹೋದೆ?"

ಆಕೆ ಗಂಟು ಬಿಗಿದು, ತಲೆಯೆತ್ತಿ ನನ್ನನ್ನು ನೋಡಿದಳು.

"ನಿಮ್ ಮರ್ವಾದಿಗಲ್ಲ ಸಾ. ನ್ಯಾಯ್ದಲ್ಲಿ ಎಂಗಸಾದ ನಾನು ಅವ್ರು ಯೋಳ್ನಿಲ್ಲ ಅಂದ್ರೆ ಸರ್ಕಾರದೋರ ಮ್ಯಾಲೆ ಗೂಬೆ ಕೂರಿಸ್ತಾಳೆ ಅಂತಿದ್ರು. ಅದು ನಿಮ್ ಬಾಯಲ್ಲೇ ಬರ್ಬೇಕಾಗಿತ್ತು. ನೀವು ಗಂಟ್ಲು ಸರಿ ಮಾಡ್ಕಂತಾ ನಿಂತ್ರಿ. ನನ್ ಬಾಯಲ್ಲಿ ಸುಳ್ಳು ಕೇಳಿದ್ಮ್ಯಾಲಾದ್ರೂ, ತಡ್ಕಳಕಾಗ್ದೆ, ಇಲ್ಲ ನಾನು ಯೋಳ್ನಿಲ್ಲ ಅಂತೀರಿ ಅಂದ್ಕಂಡೆ."

ನಾನು ತಕ್ಕಡಿ ಹಿಡಿದುಕೊಂಡೇ ನಿಂತಿದ್ದೆ. ಆಕೆ ಗಂಟು ತಲೆಯ ಮೇಲಿಟ್ಟುಕೊಂಡು ಬಾಗಿಲು ದಾಟಿ, ಬಂದ ದಾರಿಯಲ್ಲೇ ನಡೆದು ಹೋದಳು.